ಉತ್ತರ ಇಂಗ್ಲೆಂಡಿನ ಕಾಲುವೆಗಳಲ್ಲಿ ನ್ಯಾರೋಬೋಟ್ ರಜೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೋಟು ಓಡಿಸಲು ಲೈಸೆನ್ಸ್ ಬೇಕೇ? ಹಿಂದೆ ದೋಣಿ ಹತ್ತದವರೂ ಓಡಿಸಬಹುದೇ?

ನ್ಯಾರೋಬೋಟ್ ಎಂದರೆ ಒಳಗೇ ಮಲಗಿ, ಅಡುಗೆ ಮಾಡಿಕೊಂಡು ಇರಬಹುದಾದ ಕಿರಿದಾದ ಉದ್ದ ಬೋಟು. ಬಾಡಿಗೆ ಬೋಟಿಗೆ ಲೈಸೆನ್ಸ್ ಬೇಡ, ಪರೀಕ್ಷೆಯೂ ಇಲ್ಲ. ಬೋಟು ನಿಮ್ಮ ಕೈಗೆ ಕೊಡುವಾಗ ಬಾಡಿಗೆಯವರು ಗಂಟೆಯಷ್ಟು ಹೊತ್ತು ಎಲ್ಲ ತೋರಿಸಿಕೊಡುತ್ತಾರೆ: ಎಂಜಿನ್, ಚುಕ್ಕಾಣಿ, ಗ್ಯಾಸ್, ಟಾಯ್ಲೆಟ್, ನೀರು ತುಂಬುವುದು, ಲಾಕ್ (ನೀರು ತುಂಬಿ ಇಳಿಸಿ ಬೋಟನ್ನು ಮೇಲೆ ಕೆಳಗೆ ಮಾಡುವ ಗೇಟಿನ ತೊಟ್ಟಿ) ದಾಟುವುದು. ಆ ಹೊತ್ತಿನಲ್ಲಿ ಯಜಮಾನರೊಬ್ಬರು ಕೇಳಿಸಿಕೊಳ್ಳುತ್ತ ಉಳಿದವರೆಲ್ಲ ಒಳಗೆ ಸಾಮಾನು ಜೋಡಿಸುತ್ತ ಇರುವುದು ಬೇಡ. ಲಾಕಿನ ಹತ್ತಿರ ಇಳಿದು ಕೆಲಸ ಮಾಡುವವರು ಆ ಉಳಿದವರೇ. ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ. ಮೂರನೇ ದಿನ ಟಾಯ್ಲೆಟ್ ಕ್ಯಾಸೆಟ್ (ಟಾಯ್ಲೆಟ್ಟಿನ ಕೆಳಗಿನ, ಎತ್ತಿ ಒಯ್ಯುವ ಡಬ್ಬಿ) ಖಾಲಿ ಮಾಡುವಾಗ ನೆರವಿಗೆ ಬರುತ್ತದೆ.

ಭಾರತದ ಪಾಸ್‌ಪೋರ್ಟ್ ಇರುವ ಅಪ್ಪ ಅಮ್ಮ ಊರಿಂದ ಬರುವುದಾದರೆ ಅವರಿಗೆ ಸ್ಟ್ಯಾಂಡರ್ಡ್ ವಿಸಿಟರ್ ವೀಸಾ ಸಾಕು. ಬೋಟಿಗೆಂದು ಬೇರೆ ಅನುಮತಿ ಇಲ್ಲ. ವೀಸಾ ಬರುವ ಮುಂಚೆ ಬೋಟು ಬುಕ್ ಮಾಡುವುದಾದರೆ ಮುಂಗಡ ವಾಪಸ್ ಕೊಡುವ ಷರತ್ತು ಓದಿ.

ಬೋಟು ಎಷ್ಟು ದೊಡ್ಡದು? ಎಷ್ಟು ಜನಕ್ಕೆ ಸರಿ?

ಅಗಲ 6 ಅಡಿ 10 ಇಂಚು. ಇದು ಎಲ್ಲ ನ್ಯಾರೋಬೋಟಿಗೂ ಒಂದೇ, ಯಾಕೆಂದರೆ ಕಿರಿದಾದ ಕಾಲುವೆಗಳ ಲಾಕುಗಳೇ 7 ಅಡಿ ಅಗಲ. ವ್ಯತ್ಯಾಸವೆಲ್ಲ ಉದ್ದದಲ್ಲಿ, ಸುಮಾರು 30 ಅಡಿಯಿಂದ 70 ಅಡಿಯವರೆಗೆ. ಒಳಗೆ ನಡೆಯುವ ಜಾಗ ರೈಲಿನ ಬೋಗಿಯಷ್ಟೇ ಇಕ್ಕಟ್ಟು.

ಜಾಹೀರಾತಿನಲ್ಲಿ ಆರು ಜನ ಅಂದಿದ್ದರೆ ನಾಲ್ಕು ಜನ ಅಂದುಕೊಳ್ಳಿ. ಆರರಲ್ಲಿ ಎರಡು ಹಾಸಿಗೆ ಊಟದ ಮೇಜನ್ನು ಮಡಚಿ ಪ್ರತಿ ರಾತ್ರಿ ಮಾಡಬೇಕಾದದ್ದು. ಡಬಲ್ ಬೆಡ್ ಎನ್ನುವುದೂ ಎಷ್ಟೋ ಬೋಟಿನಲ್ಲಿ 4 ಅಡಿ ಅಗಲದ್ದೇ. ಬುಕ್ ಮಾಡುವ ಮುಂಚೆ ಒಳಗಿನ ನಕ್ಷೆ ತರಿಸಿಕೊಂಡು ಮೂರು ವಿಷಯ ನೋಡಿ: ಕಾಯಂ ಹಾಸಿಗೆ ಎಷ್ಟು, ಟಾಯ್ಲೆಟ್ ಎಷ್ಟು, ಹಿಂಭಾಗ ಯಾವ ತರಹದ್ದು. ಕ್ರೂಸರ್ ಸ್ಟರ್ನ್ ಆದರೆ ಚುಕ್ಕಾಣಿ ಹಿಡಿದವರ ಜೊತೆ ಇನ್ನೂ ಮೂವರು ನಿಲ್ಲಬಹುದು. ಟ್ರ್ಯಾಡ್ ಸ್ಟರ್ನ್ ಆದರೆ ಒಬ್ಬರೇ. ಮಾತಿಗೂ ಜನ ಇರುವುದಿಲ್ಲ. ಮನೆಮಂದಿಯೆಲ್ಲ ಹೋಗುವಾಗ ಕ್ರೂಸರ್ ಸ್ಟರ್ನೇ ವಾಸಿ.

ಯಾವ ಕಾಲುವೆ ಆರಿಸಬೇಕು?

ಮೊದಲ ಸಲಕ್ಕೆ ಲೀಡ್ಸ್–ಲಿವರ್‌ಪೂಲ್ ಕಾಲುವೆಯ ಸ್ಕಿಪ್ಟನ್ ಭಾಗ. ಉಳಿದವು ಆಮೇಲೆ.

ಕಾರಣ ಇದು. 1770ರಲ್ಲಿ ಶುರುವಾಗಿ 1816ರಲ್ಲಿ ಮುಗಿದ ಈ ಕಾಲುವೆ 127 ಮೈಲಿ ಉದ್ದ, ಮುಖ್ಯ ಮಾರ್ಗದಲ್ಲೇ 91 ಲಾಕ್. ಅದರಲ್ಲಿ ಬಿಂಗ್ಲಿಯಿಂದ ಸ್ಕಿಪ್ಟನ್ ದಾಟಿ ಗಾರ್‌ಗ್ರೇವ್ ಹತ್ತಿರದವರೆಗೆ ಸುಮಾರು 17 ಮೈಲಿ ಒಂದೂ ಲಾಕ್ ಇಲ್ಲ. ಏರ್ ನದಿಯ ಕಣಿವೆಯ ಪಕ್ಕಕ್ಕೆ ಬೆಟ್ಟದ ಮೈಯನ್ನೇ ಅನುಸರಿಸಿ ಕಾಲುವೆ ಬಳಸಿ ಬಳಸಿ ಹೋಗುತ್ತದೆ. ಚುಕ್ಕಾಣಿ ಕೈಗೆ ಹೊಂದುವವರೆಗೆ ಲಾಕಿನ ಗೊಡವೆ ಇಲ್ಲ. ಆಮೇಲೆ ಪಶ್ಚಿಮಕ್ಕೆ ಹೋದರೆ ಗಾರ್‌ಗ್ರೇವ್‌ನಲ್ಲಿ 6, ಬ್ಯಾಂಕ್ ನ್ಯೂಟನ್‌ನಲ್ಲಿ 6, ಗ್ರೀನ್‌ಬರ್‌ಫೀಲ್ಡ್‌ನಲ್ಲಿ 3 ಲಾಕ್ ಹತ್ತಿ ಕಾಲುವೆಯ ನೆತ್ತಿ ತಲುಪುತ್ತೀರಿ. ಪೂರ್ವಕ್ಕೆ ಹೋದರೆ ಬಿಂಗ್ಲಿ, ಆಮೇಲೆ ಸಾಲ್ಟೇರ್. ಸಾಲ್ಟೇರ್ 19ನೇ ಶತಮಾನದ ಬಟ್ಟೆ ಗಿರಣಿಯ ಊರು, 2001ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಕಾಲುವೆ ಗಿರಣಿಯ ಗೋಡೆಗೆ ತಾಗಿಕೊಂಡೇ ಹಾಯುತ್ತದೆ.

ಸ್ವಲ್ಪ ಅನುಭವ ಇರುವವರಿಗೆ ರಾಚ್‌ಡೇಲ್ ಕಾಲುವೆ. ಸೋವರ್‌ಬಿ ಬ್ರಿಡ್ಜ್‌ನಿಂದ ಹೆಬ್ಡನ್ ಬ್ರಿಡ್ಜ್, ಟಾಡ್‌ಮೋರ್ಡನ್‌ವರೆಗೆ ಕಣಿವೆ ಬಹಳ ಚೆಂದ, ಆದರೆ ಲಾಕ್ ಮೇಲೆ ಲಾಕ್. ಆರಂಭದಲ್ಲೇ ಟ್ಯೂಯಲ್ ಲೇನ್ ಲಾಕ್ ಸಿಗುತ್ತದೆ: ಸುಮಾರು 20 ಅಡಿ ಆಳ, ಬ್ರಿಟನ್ನಿನ ಅತ್ಯಂತ ಆಳದ ಲಾಕುಗಳಲ್ಲಿ ಒಂದು. ಅದನ್ನು ಲಾಕ್‌ಕೀಪರ್ ನಡೆಸುತ್ತಾರೆ. ನೀವಾಗಿ ಮುಟ್ಟುವಂತಿಲ್ಲ, ಅವರ ಸಮಯ ಮೊದಲೇ ನೋಡಿಕೊಳ್ಳಬೇಕು.

ಕಿರಿದಾದ ಲಾಕುಗಳೇ ಇಷ್ಟ ಎಂದರೆ ಮ್ಯಾಕಲ್ಸ್‌ಫೀಲ್ಡ್ ಮತ್ತು ಪೀಕ್ ಫಾರೆಸ್ಟ್ ಕಾಲುವೆಗಳು. ಬಾಸ್ಲಿಯಲ್ಲಿ 12, ಮಾರ್ಪಲ್‌ನಲ್ಲಿ 16 ಲಾಕ್. ನಡುವೆ ಮೈಲಿಗಟ್ಟಲೆ ಸಮತಟ್ಟು. ಮಾರ್ಪಲ್ ಇಳಿಯದೆ ವೇಲಿ ಬ್ರಿಡ್ಜ್ ಕಡೆ ತಿರುಗಿದರೆ ಸಲೀಸಾದ ವಾರ. ಇವೆರಡೂ ಸೇರಿದ ಚೆಷೈರ್ ರಿಂಗ್ 97 ಮೈಲಿ, 92 ಲಾಕ್. ಒಂದೇ ವಾರದಲ್ಲಿ ಸುತ್ತಬಹುದು ಎಂದು ಹೇಳುವವರಿದ್ದಾರೆ. ಸುತ್ತಬಹುದು, ಆದರೆ ಅದಕ್ಕೆ ರಜೆ ಅನ್ನಲಾಗದು.

ಹಡರ್ಸ್‌ಫೀಲ್ಡ್ ನ್ಯಾರೋ ಕಾಲುವೆಯ ಸ್ಟ್ಯಾಂಡೆಜ್ ಸುರಂಗ ಮೂರು ಮೈಲಿಗಿಂತ ಉದ್ದ, ಬ್ರಿಟನ್ನಿನ ಕಾಲುವೆ ಸುರಂಗಗಳಲ್ಲೇ ಉದ್ದವಾದದ್ದು. 20 ಮೈಲಿಯ ಕಾಲುವೆಗೆ 74 ಲಾಕ್. ಸುರಂಗಕ್ಕೆ ಮುಂಗಡ ಬುಕಿಂಗ್ ಬೇಕು. ಮೊದಲ ರಜೆಗೆ ಬೇಡ.

ಉದ್ದದ ಬೋಟು ತೆಗೆದುಕೊಂಡರೆ ಎಲ್ಲ ಕಡೆ ಹೋಗಬಹುದೇ?

ಇಲ್ಲ. ದಕ್ಷಿಣ ಇಂಗ್ಲೆಂಡಿನಿಂದ ಬೋಟು ತರುವವರು ಎಡವುವುದು ಇಲ್ಲೇ. ಲೀಡ್ಸ್‌ನಿಂದ ವಿಗನ್‌ವರೆಗಿನ ಲಾಕುಗಳು 62 ಅಡಿ ಉದ್ದ, 14 ಅಡಿ ಅಗಲ. ಕಾಲ್ಡರ್–ಹೆಬಲ್ ಕಾಲುವೆಯಲ್ಲಿ ಇನ್ನೂ ಮೋಟು. 57 ಅಡಿಗಿಂತ ಉದ್ದದ ಬೋಟು ಕಷ್ಟ. ಮ್ಯಾಕಲ್ಸ್‌ಫೀಲ್ಡ್ ಕಡೆ 70 ಅಡಿ ನಡೆಯುತ್ತದೆ. ಅಲ್ಲಲ್ಲಿನ ಬಾಡಿಗೆ ಬೋಟುಗಳು ಅಲ್ಲಿನ ಲಾಕಿಗೆ ತಕ್ಕಂತೆಯೇ ಇರುತ್ತವೆ. ಎರಡು ಕಾಲುವೆ ಸೇರಿಸಿ ಸುತ್ತು ಹಾಕುವ ಯೋಚನೆ ಇದ್ದರೆ ಮಾತ್ರ ಕೇಳಿ ಖಚಿತ ಮಾಡಿಕೊಳ್ಳಿ.

ಒಂದು ವಾರದಲ್ಲಿ ಎಷ್ಟು ದೂರ ಹೋಗಬಹುದು?

ಮೈಲಿ ಲೆಕ್ಕ ಬಿಡಿ, ಗಂಟೆ ಲೆಕ್ಕ ಹಿಡಿಯಿರಿ. ವೇಗದ ಮಿತಿ ಗಂಟೆಗೆ 4 ಮೈಲಿ. ದಡಕ್ಕೆ ಕಟ್ಟಿದ ಬೋಟುಗಳ ಪಕ್ಕ ತೀರಾ ನಿಧಾನಿಸಬೇಕಾದ್ದರಿಂದ ಕೈಗೆ ಸಿಗುವುದು ಗಂಟೆಗೆ 3 ಮೈಲಿ, ಕೆಲವೊಮ್ಮೆ ಅದಕ್ಕೂ ಕಡಿಮೆ. ಲಾಕಿಗೆ 15 ನಿಮಿಷ, ಮೊದಲ ಎರಡು ದಿನ 20. ತಿರುಗುವ ಸೇತುವೆಗೆ 10 ನಿಮಿಷ. ನೀರು ತುಂಬಲು ದಿನಕ್ಕೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ.

ಸ್ಕಿಪ್ಟನ್‌ನಿಂದ ಬರ್ನ್‌ಲಿಗೆ ಹೋಗಿ ಬರುವುದನ್ನೇ ತೆಗೆದುಕೊಳ್ಳೋಣ. ದೂರ ಸುಮಾರು 25 ಮೈಲಿ, ಅಂದರೆ ಎಂಟೂವರೆ ಗಂಟೆ. ಲಾಕ್: ಗಾರ್‌ಗ್ರೇವ್ 6, ಬ್ಯಾಂಕ್ ನ್ಯೂಟನ್ 6, ಗ್ರೀನ್‌ಬರ್‌ಫೀಲ್ಡ್ 3, ಬ್ಯಾರೋಫೋರ್ಡ್ 7, ಒಟ್ಟು 22ಕ್ಕೆ ಐದೂವರೆ ಗಂಟೆ. ಸೇತುವೆ, ನೀರು, ಸುರಂಗದ ಮುಂದೆ ಕಾಯುವುದು ಎಲ್ಲ ಸೇರಿ ಎರಡು ಗಂಟೆ. ಹೋಗುವುದಕ್ಕೇ 16 ಗಂಟೆ, ಬರುವುದಕ್ಕೂ ಅಷ್ಟೇ. ವಾರದ ಬಾಡಿಗೆ ಅಂದರೆ ಸಾಮಾನ್ಯವಾಗಿ ಶನಿವಾರ ಮಧ್ಯಾಹ್ನ ಮೂರರ ಸುಮಾರಿಗೆ ಬೋಟು ಕೈಗೆ, ಮುಂದಿನ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ವಾಪಸ್. ನಡುವೆ ಪೂರ್ತಿ ಸಿಗುವುದು ಆರೇ ದಿನ. ದಿನಕ್ಕೆ ಐದೂವರೆ ಗಂಟೆ ಓಡಿಸಿದರೆ ಸರಿಹೋಗುತ್ತದೆ, ಆದರೆ ಮಳೆಗೋ ಊರು ನೋಡುವುದಕ್ಕೋ ಒಂದು ದಿನವೂ ಉಳಿಯುವುದಿಲ್ಲ. ಫೌಲ್‌ರಿಜ್ ಸುರಂಗ ದಾಟಿ ಬ್ಯಾರೋಫೋರ್ಡ್ ಲಾಕುಗಳ ತಲೆಯಿಂದಲೇ ತಿರುಗಿ ಬಂದರೆ ಒಂದೂವರೆ ದಿನ ಉಳಿಯುತ್ತದೆ. ನಮ್ಮ ಸಲಹೆ ಅದೇ.

ಎಲ್ಲೆಂದರಲ್ಲಿ ಬೋಟು ತಿರುಗಿಸಲು ಆಗದು. 57 ಅಡಿ ಬೋಟಿಗೆ 40 ಅಡಿ ಅಗಲದ ಕಾಲುವೆ ಸಾಲದಲ್ಲ! ದಡವನ್ನು ಅಗೆದು ಅಗಲ ಮಾಡಿದ ವಿಂಡಿಂಗ್ ಹೋಲ್‌ಗಳಲ್ಲಿ ಮಾತ್ರ ತಿರುಗಿಸಬೇಕು. ನಕ್ಷೆಯಲ್ಲಿ ಅವನ್ನು ಮೊದಲೇ ಗುರುತು ಹಾಕಿಕೊಳ್ಳಿ, ಪಕ್ಕದಲ್ಲಿ ಎಷ್ಟು ಅಡಿ ಬೋಟಿಗೆ ಆಗುತ್ತದೆ ಎಂಬುದನ್ನೂ ನೋಡಿ. ಹೊರಟು ಅರ್ಧ ಸಮಯ ಕಳೆದಾಗ ಎಲ್ಲಿದ್ದೀರೋ ಅದರ ಮುಂದಿನ ವಿಂಡಿಂಗ್ ಹೋಲ್‌ನಲ್ಲಿ ತಿರುಗಿಸಿ.

ಯಾವ ತಿಂಗಳು ಒಳ್ಳೆಯದು? ಖರ್ಚು ಎಷ್ಟು?

ಬಾಡಿಗೆ ಋತು ಮಾರ್ಚ್ ಮಧ್ಯದಿಂದ ನವೆಂಬರ್ ಆರಂಭದವರೆಗೆ. ಚಳಿಗಾಲದಲ್ಲಿ ಲಾಕ್ ರಿಪೇರಿಗೆಂದು ಕಾಲುವೆಯನ್ನು ಅಲ್ಲಲ್ಲಿ ಮುಚ್ಚುತ್ತಾರೆ. ಮೇ ಮತ್ತು ಜೂನ್ ಉತ್ತಮ: ಜೂನ್ ಕೊನೆಯಲ್ಲಿ ರಾತ್ರಿ ಒಂಬತ್ತೂವರೆಗೂ ಬೆಳಕು. ಬಾಡಿಗೆ ಬೋಟನ್ನು ಕತ್ತಲಲ್ಲಿ ಓಡಿಸುವಂತಿಲ್ಲ, ಹಾಗಾಗಿ ಅಕ್ಟೋಬರ್‌ನಲ್ಲಿ ಹೋದರೆ ಮೇಲಿನ ಗಂಟೆ ಲೆಕ್ಕ ಕುಗ್ಗುತ್ತದೆ.

ನಾಲ್ಕು ಜನರ ಬೋಟಿಗೆ ವಾರಕ್ಕೆ ಸಾವಿರದಿಂದ ಎರಡು ಸಾವಿರ ಪೌಂಡ್ ಎಂದು ಇಟ್ಟುಕೊಳ್ಳಿ; ಶಾಲೆಗಳಿಗೆ ರಜೆ ಇರುವ ವಾರಗಳಲ್ಲಿ, ಅದರಲ್ಲೂ ಆಗಸ್ಟ್‌ನಲ್ಲಿ, ಮೇಲಿನ ತುದಿ. ಇದರ ಮೇಲೆ ಡೀಸೆಲ್ ಬೇರೆಯೇ, ಸೇರಿದೆಯೇ ಎಂದು ಕೇಳಿ. ಬೋಟಿನ ಎಂಜಿನ್ ಗಂಟೆಗೆ ಒಂದರಿಂದ ಒಂದೂವರೆ ಲೀಟರ್ ಕುಡಿಯುತ್ತದೆ. ಹಾನಿಯ ಠೇವಣಿ, ಕಾರ್ ಪಾರ್ಕಿಂಗ್, ನಾಯಿ ಇದ್ದರೆ ಅದರ ಶುಲ್ಕ ಬೇರೆ. ಮೂರು ರಾತ್ರಿಯ ವಾರಾಂತ್ಯಕ್ಕಿಂತ ಸೋಮವಾರದಿಂದ ಶುಕ್ರವಾರದ ನಾಲ್ಕು ರಾತ್ರಿ ಲಾಭ. ಬಾಡಿಗೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.

ಬೇಸಿಗೆಯಲ್ಲಿ ಕಾಲುವೆಯೇ ಮುಚ್ಚಿದರೆ?

ಇದು ಉತ್ತರ ಇಂಗ್ಲೆಂಡಿನ ನಿಜವಾದ ತಲೆನೋವು. ಬೆಟ್ಟ ಹತ್ತಿ ಇಳಿಯುವ ಕಾಲುವೆಯಲ್ಲಿ ಲಾಕ್ ತೆರೆದಾಗಲೆಲ್ಲ ನೆತ್ತಿಯ ನೀರು ಕೆಳಗೆ ಹೋಗುತ್ತದೆ. ಅದನ್ನು ತುಂಬಿಕೊಡಲು ಫೌಲ್‌ರಿಜ್ ಹತ್ತಿರದಂಥ ಜಲಾಶಯಗಳೇ ಆಧಾರ. ಮಳೆ ಕೈಕೊಟ್ಟರೆ ಲಾಕಿಗೆ ಬೀಗ. ಲೀಡ್ಸ್–ಲಿವರ್‌ಪೂಲ್ ಕಾಲುವೆಯ ವಿಗನ್–ಗಾರ್‌ಗ್ರೇವ್ ಭಾಗ 2010ರಲ್ಲಿ ಹೀಗೆ ಮುಚ್ಚಿತ್ತು, 2025ರಲ್ಲಿ ಮತ್ತೆ ಮುಚ್ಚಿತು. ಕಾಲುವೆಗಳನ್ನು ನೋಡಿಕೊಳ್ಳುವ ಕೆನಾಲ್ ಅಂಡ್ ರಿವರ್ ಟ್ರಸ್ಟ್ ಮುಚ್ಚಿದ ಜಾಗಗಳ ಪಟ್ಟಿಯನ್ನು ತನ್ನ ತಾಣದಲ್ಲಿ ಹಾಕುತ್ತದೆ. ಹೊರಡುವ ಹಿಂದಿನ ವಾರ ಒಮ್ಮೆ, ಹಿಂದಿನ ದಿನ ಒಮ್ಮೆ ನೋಡಿ. ಸ್ಕಿಪ್ಟನ್ ಕಡೆಯಿಂದ ಹೊರಡುವುದರ ಇನ್ನೊಂದು ಅನುಕೂಲ ಇಲ್ಲಿದೆ: ಲಾಕ್ ಮುಚ್ಚಿದರೂ ಆ 17 ಮೈಲಿಯ ಸಮತಟ್ಟು ಸಾಮಾನ್ಯವಾಗಿ ಓಡಾಟಕ್ಕೆ ಉಳಿದಿರುತ್ತದೆ.

ಚುಕ್ಕಾಣಿ ಹಿಡಿಯುವುದು ಹೇಗೆ?

ಟಿಲ್ಲರ್ (ಚುಕ್ಕಾಣಿಯ ಹಿಡಿಕೆ) ಬಲಕ್ಕೆ ನೂಕಿದರೆ ಬೋಟಿನ ಮೂತಿ ಎಡಕ್ಕೆ. ಇದು ಅರ್ಧ ಗಂಟೆಯಲ್ಲಿ ಬರುತ್ತದೆ. ಬರುವುದಕ್ಕೆ ಹೊತ್ತು ಹಿಡಿಯುವುದು ಬೇರೆ ಎರಡು. ಒಂದು, ಬೋಟು ಕಾರಿನ ಹಾಗೆ ಮುಂದಿನಿಂದ ತಿರುಗುವುದಿಲ್ಲ, ನಡು ಭಾಗವನ್ನು ಕೀಲು ಮಾಡಿಕೊಂಡು ತಿರುಗುತ್ತದೆ. ಮೂತಿ ಎಡಕ್ಕೆ ಹೋದಾಗ ಹಿಂಭಾಗ ಬಲಕ್ಕೆ ಬೀಸುತ್ತದೆ. ಎರಡು, ಪ್ರೊಪೆಲರ್ ನೀರನ್ನು ಚುಕ್ಕಾಣಿಯ ಮೇಲೆ ತಳ್ಳುತ್ತಿದ್ದರೆ ಮಾತ್ರ ಬೋಟು ಮಾತು ಕೇಳುತ್ತದೆ. ನ್ಯೂಟ್ರಲ್‌ನಲ್ಲಿ ಹೆಚ್ಚುಕಡಿಮೆ ಇಲ್ಲ, ರಿವರ್ಸ್‌ನಲ್ಲಿ ಇಲ್ಲವೇ ಇಲ್ಲ. ಗಾಬರಿಯಾಗಿ ರಿವರ್ಸ್ ಹಾಕಿ ಟಿಲ್ಲರ್ ತಿರುಗಿಸಿದರೆ ಏನೂ ಆಗದು.

ಎದುರಿನಿಂದ ಬೋಟು ಬಂದರೆ ಬಲಕ್ಕೆ ಸರಿಯಿರಿ, ಊರಿನ ರಸ್ತೆಗೆ ತದ್ವಿರುದ್ಧ. ತೀರಾ ಅಂಚಿಗೆ ಹೋಗಬೇಡಿ, ತಳ ತಟ್ಟುತ್ತದೆ. ಹಿಂದೆ ಅಲೆ ಎದ್ದು ದಡಕ್ಕೆ ಬಡಿಯುತ್ತಿದ್ದರೆ ವೇಗ ಹೆಚ್ಚಾಯಿತು ಎಂದರ್ಥ. ಡಿಕ್ಕಿ ಆಗುವ ಹಾಗಿದ್ದರೆ ಆಗಲಿ ಬಿಡಿ: 15 ಟನ್ನಿಗೂ ಮೇಲಿನ ಬೋಟನ್ನು ಕೈಯಿಂದಲೋ ಕಾಲಿಂದಲೋ ತಡೆಯಲು ಹೋದರೆ ಮೂಳೆ ಮುರಿಯುತ್ತದೆ, ಬೋಟಿಗೆ ಬಣ್ಣ ಕೆರೆಯುವುದಷ್ಟೇ.

ಲಾಕ್ ದಾಟುವುದು ಹೇಗೆ? ಹಂತ ಹಂತವಾಗಿ ಹೇಳಿ.

ಲಾಕ್ ಎಂದರೆ ಎರಡು ಕಡೆ ಗೇಟಿರುವ ಕಲ್ಲಿನ ತೊಟ್ಟಿ. ನೀರು ಬಿಡುವ ಕಿಂಡಿಗೆ ಪ್ಯಾಡಲ್ ಎನ್ನುತ್ತಾರೆ, ಅದನ್ನು ಎತ್ತುವ ಎಲ್ ಆಕಾರದ ಕಬ್ಬಿಣದ ಹಿಡಿಕೆ ವಿಂಡ್‌ಲಾಸ್. ಕನಿಷ್ಠ ಎರಡು ವಿಂಡ್‌ಲಾಸ್ ಇರಲಿ. ಒಂದು ನೀರಿಗೆ ಬೀಳುವುದು ಇದ್ದದ್ದೇ.

ಮೇಲಕ್ಕೆ ಹೋಗುವಾಗ: ಬೋಟನ್ನು ಕೆಳಗೆ ಕಟ್ಟಿ, ಇಬ್ಬರು ಇಳಿದು ನೋಡಿ. ಮೇಲಿನಿಂದ ಯಾರಾದರೂ ಬರುತ್ತಿದ್ದು ತೊಟ್ಟಿ ತುಂಬಿದ್ದರೆ ಅವರಿಗೆ ಬಿಡಿ, ತುಂಬಿದ ನೀರು ವ್ಯರ್ಥ ಮಾಡಬಾರದು. ತೊಟ್ಟಿ ಖಾಲಿಯಿದ್ದರೆ ಕೆಳಗಿನ ಗೇಟು ತೆರೆದು ಬೋಟು ಒಳಗೆ. ಗೇಟು ಮುಚ್ಚಿ, ಕೆಳಗಿನ ಪ್ಯಾಡಲ್ ಎಲ್ಲ ಇಳಿದಿವೆಯೇ ನೋಡಿ. ಆಮೇಲೆ ಮೇಲಿನ ಕಡೆ, ನೆಲದಲ್ಲಿರುವ ಗ್ರೌಂಡ್ ಪ್ಯಾಡಲನ್ನು ಮೊದಲು ಅರ್ಧ ಎತ್ತಿ. ಅಗಲದ ಲಾಕಿನಲ್ಲಿ ಒಂದೇ ಬೋಟು ಇದ್ದರೆ, ಬೋಟು ಯಾವ ಗೋಡೆಗೆ ಒರಗಿದೆಯೋ ಆ ಕಡೆಯದನ್ನೇ ಎತ್ತಿ. ನೀರು ಎದುರು ಗೋಡೆಗೆ ಬಡಿದು ವಾಪಸ್ ಬಂದು ಬೋಟನ್ನು ತನ್ನ ಗೋಡೆಗೇ ಒತ್ತಿ ಹಿಡಿಯುತ್ತದೆ. ಗೇಟಿನಲ್ಲೇ ಇರುವ ಪ್ಯಾಡಲುಗಳನ್ನು ಅವುಗಳ ಬಾಯಿ ನೀರಲ್ಲಿ ಮುಳುಗಿದ ಮೇಲೆಯೇ ಎತ್ತಬೇಕು. ಮುಂಚೆ ಎತ್ತಿದರೆ ಜಲಪಾತದಂತೆ ನೀರು ಬೋಟಿನ ಮುಂಭಾಗಕ್ಕೆ ಸುರಿಯುತ್ತದೆ, ಬೋಟು ಮುಳುಗಿದ್ದೂ ಉಂಟು. ಎರಡೂ ಕಡೆ ನೀರು ಸಮವಾದಾಗ ಗೇಟು ತಾನಾಗಿ ಸಡಿಲವಾಗುತ್ತದೆ. ಅದಕ್ಕೆ ಮುಂಚೆ ಹತ್ತು ಜನ ತಳ್ಳಿದರೂ ಜಗ್ಗದು.

ಕೆಳಕ್ಕೆ ಹೋಗುವಾಗ ಅಪಾಯ ಒಂದೇ, ಆದರೆ ದೊಡ್ಡದು: ಸಿಲ್. ಮೇಲಿನ ಗೇಟಿನ ಬುಡದಲ್ಲಿ ನೀರೊಳಗೆ ಚಾಚಿಕೊಂಡ ಕಲ್ಲಿನ ಮೆಟ್ಟಿಲು ಅದು. ಗೋಡೆಯ ಮೇಲೆ ಬಿಳಿ ಗೆರೆ ಎಳೆದಿರುತ್ತಾರೆ. ಬೋಟಿನ ಹಿಂಭಾಗ ಆ ಗೆರೆಗಿಂತ ಮುಂದೆ ಇರಬೇಕು. ಇಲ್ಲದಿದ್ದರೆ ನೀರು ಇಳಿದಂತೆ ಹಿಂಭಾಗ ಕಲ್ಲಿನ ಮೇಲೆ ಕೂತು, ಮೂತಿ ಕೆಳಗಾಗಿ, ನಿಮಿಷಗಳಲ್ಲಿ ಬೋಟು ನೀರು ತುಂಬಿಕೊಳ್ಳುತ್ತದೆ. ಕೂತದ್ದು ಕಂಡ ಕ್ಷಣ ಕೆಳಗಿನ ಪ್ಯಾಡಲುಗಳನ್ನು ಇಳಿಸಿ, ಆಮೇಲೆ ಮೇಲಿನದನ್ನು ನಿಧಾನಕ್ಕೆ ಎತ್ತಿ ತೇಲಿಸಿ. ಕೆಳಕ್ಕೆ ಹೋಗುವಾಗ ಹಗ್ಗವನ್ನು ಕಂಬಕ್ಕೆ ಬಿಗಿದು ಕಟ್ಟಲೇಬಾರದು. ಒಂದು ಸುತ್ತು ಹಾಕಿ ಕೈಯಲ್ಲಿ ಹಿಡಿದು ಬಿಡುತ್ತ ಹೋಗಿ. ಗೋಡೆಗೆ ಉಜ್ಜದಂತೆ ಬೋಟಿನ ಪಕ್ಕಕ್ಕೆ ನೇತುಹಾಕಿದ ಫೆಂಡರ್‌ಗಳನ್ನೂ ಎತ್ತಿಡಿ, ಗೋಡೆಯ ಸಂದಿಗೆ ಸಿಕ್ಕಿಕೊಳ್ಳುತ್ತವೆ.

ವಿಂಡ್‌ಲಾಸನ್ನು ಸರಳಿನ ಮೇಲೆ ಹಾಗೇ ಬಿಟ್ಟು ಹೋಗಬೇಡಿ. ತಡೆಹಲ್ಲು ಜಾರಿದರೆ ಅದು ಗರಗರ ತಿರುಗಿ ಹಾರುತ್ತದೆ, ದವಡೆ ಮುರಿದುಕೊಂಡವರಿದ್ದಾರೆ. ಲೀಡ್ಸ್–ಲಿವರ್‌ಪೂಲ್ ಕಾಲುವೆಯಲ್ಲಿ ಕೆಲವು ಪ್ಯಾಡಲುಗಳಿಗೆ ವಿಂಡ್‌ಲಾಸ್ ಬೇಕೇ ಇಲ್ಲ: ಮರದ ಉದ್ದ ಸನ್ನೆಯನ್ನು ಪಕ್ಕಕ್ಕೆ ಎತ್ತಿ ತೆರೆಯುವಂಥವು, ಜ್ಯಾಕ್ ಕ್ಲೌ ಎನ್ನುತ್ತಾರೆ. ಕಾಲ್ಡರ್–ಹೆಬಲ್‌ನಲ್ಲಿ ಹ್ಯಾಂಡ್‌ಸ್ಪೈಕ್ ಎಂಬ ಮರದ ತುಂಡು ಬೇಕು. ಬೋಟಿನಲ್ಲಿ ಇಟ್ಟಿದ್ದಾರೆಯೇ ಕೇಳಿ.

ಬಿಂಗ್ಲಿಯ ಐದು ಮೆಟ್ಟಿಲ ಲಾಕ್ ನಾವೇ ದಾಟಬಹುದೇ?

ನೀವೇ ದಾಟುತ್ತೀರಿ, ಆದರೆ ಲಾಕ್‌ಕೀಪರ್ ಹೇಳಿದಂತೆ. 1774ರಲ್ಲಿ ತೆರೆದ ಇದು ಸುಮಾರು 60 ಅಡಿ ಏರುತ್ತದೆ. ಒಂದರ ಮೇಲಿನ ಗೇಟೇ ಇನ್ನೊಂದರ ಕೆಳಗಿನ ಗೇಟು. ನಡುವೆ ನೀರು ನಿಲ್ಲಲು ಬೇರೆ ಜಾಗವಿಲ್ಲ. ಮೇಲಕ್ಕೆ ಹೋಗುವಾಗ ಅತಿ ಕೆಳಗಿನ ತೊಟ್ಟಿ ಖಾಲಿ, ಉಳಿದ ನಾಲ್ಕೂ ತುಂಬಿರಬೇಕು. ಕೆಳಕ್ಕೆ ಬರುವಾಗ ಮೇಲಿನದು ತುಂಬಿ, ಉಳಿದ ನಾಲ್ಕೂ ಖಾಲಿ. ಈ ಕ್ರಮ ತಪ್ಪಿದರೆ ಒಂದೋ ಬೋಟು ತಳಕ್ಕೆ ಕೂರುತ್ತದೆ, ಇಲ್ಲವೇ ನೀರು ಉಕ್ಕಿ ಹೊರಚೆಲ್ಲುತ್ತದೆ. ಒಂದರಿಂದ ಒಂದೂವರೆ ಗಂಟೆ ಬೇಕು, ಎದುರಿನಿಂದ ಬೋಟು ಬರುತ್ತಿದ್ದರೆ ಇನ್ನೂ ಹೆಚ್ಚು. ಕೊನೆಯ ಪ್ರವೇಶದ ಸಮಯ ನೋಡಿಕೊಂಡು ಬೆಳಿಗ್ಗೆಯೇ ಹೋಗುವುದು ಒಳ್ಳೆಯದು. ಸ್ವಲ್ಪ ಕೆಳಗೆ ಮೂರು ಮೆಟ್ಟಿಲದ್ದೂ ಒಂದಿದೆ.

ತಿರುಗುವ ಸೇತುವೆಗಳೆಂದರೇನು?

ಬಿಂಗ್ಲಿ–ಸ್ಕಿಪ್ಟನ್ ನಡುವೆ ಲಾಕ್ ಇಲ್ಲವೆಂದು ನಿರಾಳವಾಗುವ ಮುಂಚೆ ತಿಳಿಯಿರಿ: ಆ ದಾರಿಯಲ್ಲಿ, ಬೋಟಿಗೆ ದಾರಿ ಬಿಡಲು ಪಕ್ಕಕ್ಕೆ ತಿರುಗುವ ಸ್ವಿಂಗ್ ಸೇತುವೆಗಳು ಹನ್ನೆರಡಕ್ಕೂ ಹೆಚ್ಚು ಇವೆ. ಕೆಲವು ಹೊಲಕ್ಕೆ ಹೋಗುವ ಮರದ ಸೇತುವೆ; ಬೀಗ ತೆಗೆದು ಬೆನ್ನು ಕೊಟ್ಟು ತಳ್ಳಬೇಕು. ಕೆಲವು ರಸ್ತೆಯವು, ವಿದ್ಯುತ್ತಿನವು: ವಾಟರ್‌ಮೇಟ್ ಎಂಬ ಕಾಲುವೆಯ ಕೀ ಹಾಕಿ ಗುಂಡಿ ಒತ್ತಿದರೆ ಗೇಟು ಬಿದ್ದು ವಾಹನ ನಿಂತು ಸೇತುವೆ ತಿರುಗುತ್ತದೆ. ಸೇತುವೆ ಮತ್ತೆ ಮುಚ್ಚಿ ರಸ್ತೆಯ ಗೇಟು ಏಳುವವರೆಗೆ ಕೀ ಹೊರಗೆ ಬರುವುದಿಲ್ಲ. ಬಾರದಿದ್ದರೆ ಎಲ್ಲೋ ಒಂದು ಬೋಲ್ಟು ಪೂರ್ತಿ ಕೂತಿಲ್ಲ ಎಂದು ತಿಳಿದು ಮತ್ತೊಮ್ಮೆ ತೆರೆದು ಮುಚ್ಚಿ, ಕೀಯನ್ನು ಎಳೆದಾಡಬೇಡಿ. ಶಾಲೆ ಆಫೀಸಿನ ಹೊತ್ತಿನಲ್ಲಿ ರಸ್ತೆ ಸೇತುವೆ ತೆರೆದರೆ ಹಾರ್ನ್ ಕೇಳಬೇಕಾಗುತ್ತದೆ. ಎದುರಿಂದ ಬರುವ ಬೋಟು ಕಂಡರೆ ಅದನ್ನೂ ಬಿಟ್ಟೇ ಮುಚ್ಚಿ.

ಸುರಂಗ ಭಯವಾಗುತ್ತದೆಯೇ?

ಫೌಲ್‌ರಿಜ್ ಸುರಂಗ 1,640 ಗಜ, ಅಂದರೆ ಒಂದೂವರೆ ಕಿಲೋಮೀಟರ್. ಅರ್ಧ ಗಂಟೆಯೊಳಗೆ ದಾಟುತ್ತೀರಿ. ಎರಡು ಬೋಟು ಎದುರುಬದುರು ಹೋಗಲಾರವು, ಸಿಗ್ನಲ್ ದೀಪ ಇದೆ, ಹಸಿರಾಗುವವರೆಗೆ ಕಾಯಬೇಕು. ಮುಂದಿನ ದೀಪ ಹಚ್ಚಿ, ಒಳಗಿನ ದೀಪಗಳನ್ನೂ ಹಚ್ಚಿ ಪರದೆ ಸರಿಸಿದರೆ ಗೋಡೆ ಕಾಣುತ್ತದೆ. ಮೇಲಿಂದ ನೀರು ತೊಟ್ಟಿಕ್ಕುತ್ತದೆ, ರೇನ್‌ಕೋಟ್ ಹಾಕಿ. ಮಾಡಿನ ಮೇಲೆ ಯಾರೂ ಕೂರಬಾರದು. 1912ರಲ್ಲಿ ಬಟರ್‌ಕಪ್ ಎಂಬ ಹಸು ಕಾಲುವೆಗೆ ಬಿದ್ದು ಈ ಸುರಂಗವನ್ನು ಪೂರ್ತಿ ಈಜಿ ಆ ಕಡೆ ಎದ್ದಿತ್ತು, ಊರವರು ಬ್ರಾಂಡಿ ಕುಡಿಸಿ ಚೇತರಿಸಿದರು.

ರಾತ್ರಿ ಬೋಟು ಎಲ್ಲಿ ಕಟ್ಟುವುದು?

ಕಾಲುದಾರಿ ಇರುವ ದಡದಲ್ಲಿ, ಬೇರೆ ಸೂಚನೆ ಇಲ್ಲದ ಕಡೆ, ಬಾಡಿಗೆಯಿಲ್ಲದೆ ಕಟ್ಟಬಹುದು. ಲಾಕಿನ ಇಳಿದಾಣ, ನೀರಿನ ನಲ್ಲಿ, ವಿಂಡಿಂಗ್ ಹೋಲ್, ಸೇತುವೆಯ ಕೆಳಗೆ, ತಿರುವಿನ ಮೇಲೆ ಕಟ್ಟಬಾರದು. ಕಬ್ಬಿಣದ ತಡೆಗೋಡೆ ಇದ್ದರೆ ಕೊಕ್ಕೆ ಸಿಕ್ಕಿಸಿ. ಮಣ್ಣಿನ ದಡವಾದರೆ ಗೂಟ ಹೊಡೆಯಿರಿ, ಬೋಟಿನ ಉದ್ದಕ್ಕೂ ಮುಂದಕ್ಕೊಂದು ಹಿಂದಕ್ಕೊಂದು ದೂರ ದೂರ. ಬೋಟಿಗೆ ನೇರ ಎದುರೇ ಹೊಡೆದರೆ ಪಕ್ಕದಲ್ಲಿ ಬೋಟು ಹೋದಾಗಲೆಲ್ಲ ಜಗ್ಗಿ ಜಗ್ಗಿ ಬೆಳಗಿನೊಳಗೆ ಗೂಟ ಕಿತ್ತು ಬರುತ್ತದೆ. ಗೂಟದ ತಲೆಗೆ ಬಿಳಿ ಪ್ಲಾಸ್ಟಿಕ್ ಚೀಲ ಕಟ್ಟಿ, ಕಾಲುದಾರಿಯಲ್ಲಿ ಓಡುವವರು ಮುಗ್ಗರಿಸದಿರಲಿ. ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ಕಟ್ಟಿದ ಬೋಟಿನ ಎಂಜಿನ್ ಓಡಿಸುವಂತಿಲ್ಲ.

ನಮ್ಮ ಅಡುಗೆ ಆಗುತ್ತದೆಯೇ?

ಚೆನ್ನಾಗಿ ಆಗುತ್ತದೆ. ಗ್ಯಾಸ್ ಒಲೆ ಇರುತ್ತದೆ, ಮೂರು ಲೀಟರ್ ಕುಕ್ಕರ್ ಸಲೀಸಾಗಿ ಕೂರುತ್ತದೆ. ಇಂಡಕ್ಷನ್ ಒಲೆ ಒಯ್ಯಬೇಡಿ. ಮಿಕ್ಸಿಯ ಬಗ್ಗೆ ಇನ್ವರ್ಟರ್ ಎಷ್ಟು ವಾಟ್ ಎಂದು ಕೇಳಿ. 750 ವಾಟಿನ ಮಿಕ್ಸಿ ಶುರುವಾಗುವಾಗ ಅದಕ್ಕಿಂತ ಎಷ್ಟೋ ಹೆಚ್ಚು ಎಳೆಯುತ್ತದೆ, ಇನ್ವರ್ಟರ್ ಟ್ರಿಪ್ ಆಗುತ್ತದೆ. ಎಂಜಿನ್ ಓಡುತ್ತಿರುವಾಗ ರುಬ್ಬುವುದು ಮೇಲು. ಇಡ್ಲಿ ದೋಸೆ ಹಿಟ್ಟನ್ನು ಮನೆಯಲ್ಲೇ ರುಬ್ಬಿ ಒಯ್ಯಿರಿ. ಚಟ್ನಿಪುಡಿ, ಸಾರಿನಪುಡಿ, ಅವಲಕ್ಕಿ ಇದ್ದರೆ ಮಳೆಯ ದಿನ ಕಳೆಯುತ್ತದೆ. ಸ್ಕಿಪ್ಟನ್‌ನಲ್ಲಿ ಸೂಪರ್‌ಮಾರ್ಕೆಟ್ ಕಾಲುವೆಗೆ ಹತ್ತಿರ. ಬೇಳೆ, ಕರಿಬೇವು, ಹಸಿಮೆಣಸಿನಕಾಯಿ ಬೇಕೆಂದರೆ ಸಾಲ್ಟೇರ್ ಆಚೆಯ ಶಿಪ್ಲಿಯಲ್ಲಿ ಬೋಟು ಕಟ್ಟಿ ರೈಲಿನಲ್ಲಿ ಬ್ರ್ಯಾಡ್‌ಫರ್ಡ್‌ಗೆ ಹೋಗಿ ಬನ್ನಿ. ಊರಿಂದ ಬರುವವರು ತುಪ್ಪ, ಪೇಡ, ಹಸಿ ಕರಿಬೇವು ತರಬಾರದು. ಹಾಲಿನ ಪದಾರ್ಥಕ್ಕೂ ಪ್ರಮಾಣಪತ್ರವಿಲ್ಲದ ಹಸಿ ಸೊಪ್ಪಿಗೂ ಬ್ರಿಟನ್ನಿನಲ್ಲಿ ತಡೆ ಇದೆ.

ಒಗ್ಗರಣೆಗೆ ಮೊದಲು ಪಕ್ಕದ ಕಿಟಕಿ ತೆರೆಯಿರಿ, ಇಲ್ಲದಿದ್ದರೆ ಹೊಗೆ ಅಲಾರಂ ಕೂಗುತ್ತದೆ. ಚಳಿಯೆಂದು ಗೋಡೆ ಮಾಡಿನ ಗಾಳಿಕಿಂಡಿಗಳಿಗೆ ಬಟ್ಟೆ ತುರುಕುವುದು ಮಾತ್ರ ಪ್ರಾಣಕ್ಕೆ ಅಪಾಯ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ. ಸಿಂಕಿನ ನೀರು ನೇರ ಕಾಲುವೆಗೆ ಹೋಗುತ್ತದೆ, ಕರಿದ ಎಣ್ಣೆ ಸುರಿಯಬೇಡಿ. ಬಾಟಲಿಗೆ ತುಂಬಿ ಕಸಕ್ಕೆ ಹಾಕಿ.

ನೀರು, ಟಾಯ್ಲೆಟ್?

ಟ್ಯಾಂಕ್ ಪ್ರತಿದಿನ ತುಂಬಿಸಿ, ನಲ್ಲಿ ಕಂಡಲ್ಲಿ ಬಿಡಬೇಡಿ. ಬಿಸಿನೀರು ಎಂಜಿನ್ನಿನ ಶಾಖದಿಂದ ಬರುವುದು, ಬ್ಯಾಟರಿ ತುಂಬುವುದೂ ಅದರಿಂದಲೇ; ದಿನಕ್ಕೆ ನಾಲ್ಕು ಗಂಟೆಯಾದರೂ ಎಂಜಿನ್ ಓಡಬೇಕು. ಟಾಯ್ಲೆಟ್ ಎರಡು ಬಗೆ. ಬೋಟಿನಲ್ಲೇ ದೊಡ್ಡ ಟ್ಯಾಂಕಿರುವ ಪಂಪ್‌ಔಟ್ ಆದರೆ ವಾರವಿಡೀ ಚಿಂತೆಯಿಲ್ಲ. ಕ್ಯಾಸೆಟ್ ಆದರೆ ಎರಡು ಮೂರು ದಿನಕ್ಕೊಮ್ಮೆ ಎತ್ತಿಕೊಂಡು, ಅದಕ್ಕೆಂದೇ ದಡದಲ್ಲಿರುವ ಎಲ್ಸಾನ್ ಪಾಯಿಂಟಿಗೆ ಹೋಗಿ ಸುರಿಯಬೇಕು. ಟಾಯ್ಲೆಟ್ ಪೇಪರ್ ಬಿಟ್ಟು ಬೇರೇನೂ, ವೈಪ್ಸ್ ಅಂತೂ, ಹಾಕಬಾರದು. ಅದರಿಂದ ಕಟ್ಟಿಕೊಂಡರೆ ಬಿಡಿಸುವ ಖರ್ಚು ನಿಮ್ಮದೇ.

ವಯಸ್ಸಾದವರು, ಮಕ್ಕಳು, ಈಜು ಬಾರದವರು ಬರಬಹುದೇ?

ಕಾಲುವೆ ಹೆಚ್ಚಿನ ಕಡೆ ಮೂರು ನಾಲ್ಕು ಅಡಿ ಆಳ. ಬಿದ್ದವರು ಎದ್ದು ನಿಲ್ಲಬಹುದು. ಲಾಕ್ ಹಾಗಲ್ಲ. ಮಕ್ಕಳಿಗೆ ಹೊರಗಿದ್ದಷ್ಟು ಹೊತ್ತೂ ಲೈಫ್‌ಜಾಕೆಟ್ ಹಾಕಿಸಿ, ಕೇಳಿದರೆ ಬಾಡಿಗೆಯವರೇ ಕೊಡುತ್ತಾರೆ. ಯಾರಾದರೂ ಬಿದ್ದರೆ ಮೊದಲು ನ್ಯೂಟ್ರಲ್. ರಿವರ್ಸ್ ಹಾಕಿ ಹತ್ತಿರ ಹೋಗಲು ನೋಡಿದರೆ ಪ್ರೊಪೆಲರ್ ಅವರನ್ನೇ ಸೆಳೆಯುತ್ತದೆ. ನೀರು ಕುಡಿದಿದ್ದರೆ ಅಥವಾ ಗಾಯವಿದ್ದರೆ, ಮುಂದಿನ ವಾರಗಳಲ್ಲಿ ಜ್ವರ ಬಂದಾಗ ಡಾಕ್ಟರಿಗೆ ಕಾಲುವೆಯ ವಿಷಯ ಹೇಳಿ. ಇಲಿಜ್ವರ ಅಪರೂಪ, ಆದರೆ ಇದೆ.

ಮಂಡಿನೋವು ಇರುವವರಿಗೆ ತೊಂದರೆ ಕೊಡುವುದು ಬಾಗಿಲಿನ ಎರಡು ಮೂರು ಕಡಿದಾದ ಮೆಟ್ಟಿಲು, ಮತ್ತೆ ದಡಕ್ಕೂ ಬೋಟಿಗೂ ನಡುವಿನ ಅಂತರ. ಇಳಿಯಲು ಹಲಗೆ ಹಾಕಿಕೊಡಿ. ಬೋಟು ಕಟ್ಟಿಯಾದ ಮೇಲೆ, ಆತುರವಿಲ್ಲದೆ. ಲಾಕಿನ ಕೆಲಸಕ್ಕೆ ಕನಿಷ್ಠ ಇಬ್ಬರು ಗಟ್ಟಿಮುಟ್ಟಾದವರು, ಚುಕ್ಕಾಣಿಗೆ ಒಬ್ಬರು ಇದ್ದರೆ ಉಳಿದವರು ಮುಂದೆ ಕೂತು ಕಾಫಿ ಕುಡಿಯಬಹುದು.

ಬೋಟು ಕೆಟ್ಟರೆ, ಸಿಕ್ಕಿಕೊಂಡರೆ?

ಬೆಳಿಗ್ಗೆ ಹೊರಡುವ ಮುಂಚೆ ಎಣ್ಣೆ ಮಟ್ಟ ನೋಡಿ, ಸ್ಟರ್ನ್ ಗ್ಲ್ಯಾಂಡಿನ (ಪ್ರೊಪೆಲರ್ ದಂಡ ಹೊರಹೋಗುವಲ್ಲಿ ನೀರು ತಡೆಯುವ ಭಾಗ) ಗ್ರೀಸ್ ಹಿಡಿಕೆಯನ್ನು ತೋರಿಸಿಕೊಟ್ಟಷ್ಟು ತಿರುಗಿಸಿ. ಓಡುತ್ತ ಓಡುತ್ತ ಎಂಜಿನ್ ಗುರುಗುಟ್ಟಿ, ಕಪ್ಪು ಹೊಗೆ ಬಂದು, ವೇಗ ಸತ್ತರೆ ಪ್ರೊಪೆಲರಿಗೆ ಏನೋ ಸುತ್ತಿಕೊಂಡಿದೆ: ಪ್ಲಾಸ್ಟಿಕ್, ಹಗ್ಗ, ಊರಿನ ಹತ್ತಿರವಾದರೆ ಹಳೆ ಬಟ್ಟೆ. ಬೋಟು ಕಟ್ಟಿ, ಎಂಜಿನ್ ನಿಲ್ಲಿಸಿ, ಕೀ ಜೇಬಿಗೆ ಹಾಕಿಕೊಳ್ಳಿ. ಹಿಂಭಾಗದಲ್ಲಿ ಪ್ರೊಪೆಲರ್ ಮೇಲಿರುವ ವೀಡ್ ಹ್ಯಾಚ್ ಎಂಬ ಮುಚ್ಚಳ ತೆರೆದು ಕೈ ಇಳಿಸಿ ಕತ್ತರಿಸಿ ತೆಗೆಯಿರಿ. ಮುಚ್ಚಳವನ್ನು ಪೂರ್ತಿ ಬಿಗಿದ ಮೇಲೆಯೇ ಎಂಜಿನ್ ಶುರು. ಸಡಿಲ ಬಿಟ್ಟರೆ ಪ್ರೊಪೆಲರ್ ನೀರನ್ನು ಒಳಕ್ಕೆ ಎತ್ತಿ ಹಾಕಿ ಬೋಟು ಮುಳುಗುತ್ತದೆ.

ತಳ ಹತ್ತಿ ಕೂತರೆ ಮುಂದಕ್ಕೆ ಒತ್ತಬೇಡಿ, ಇನ್ನೂ ಹೂಳುತ್ತದೆ. ಬಂದ ದಾರಿಗೇ ರಿವರ್ಸ್, ಜನರೆಲ್ಲ ಆಳ ಇರುವ ಕಡೆಗೆ, ಒಬ್ಬರು ಮುಂದಿನಿಂದ ಉದ್ದ ಕೋಲಿನಲ್ಲಿ ತಳ್ಳುವುದು. ಅದಕ್ಕೂ ಜಗ್ಗದಿದ್ದರೆ ಮುಂದೆ ಬರುವ ಬೋಟಿನವರು ಹಗ್ಗ ಕೊಟ್ಟು ಎಳೆಯುತ್ತಾರೆ. ಕಾಲುವೆಯಲ್ಲಿ ಅದು ವಾಡಿಕೆ.

ಎಂಜಿನ್ ತೊಂದರೆಗೆ ಬಾಡಿಗೆಯವರಿಗೆ, ಲಾಕ್ ಸೇತುವೆ ತೊಂದರೆಗೆ ಟ್ರಸ್ಟಿನ 0303 040 4040ಕ್ಕೆ, ಪ್ರಾಣದ ವಿಷಯವಾದರೆ 999ಕ್ಕೆ ಫೋನ್ ಮಾಡಿ. ಎಲ್ಲಿದ್ದೀರಿ ಎಂದು ಕೇಳಿದರೆ ಹತ್ತಿರದ ಸೇತುವೆಯ ನಂಬರ್ ಹೇಳಿ, ಕಮಾನಿನ ಮೇಲೆ ಫಲಕವಿರುತ್ತದೆ. ಬೋಟು ವಾಪಸ್ ಕೊಡುವ ಹಿಂದಿನ ರಾತ್ರಿ ಬಾಡಿಗೆಯವರ ಜಾಗದಿಂದ ಒಂದು ಗಂಟೆಯೊಳಗಿನ ದೂರದಲ್ಲಿ ಕಟ್ಟಿ. ಒಂಬತ್ತಕ್ಕೆ ಒಪ್ಪಿಸುವುದು ತಡವಾದರೆ ಮಧ್ಯಾಹ್ನ ಬರುವವರಿಗಾಗಿ ಬೋಟು ತೊಳೆಯುವವರು ಕೈಕಟ್ಟಿ ಕೂರಬೇಕು, ಅದಕ್ಕೆ ಹೆಚ್ಚಿನವರು ಗಂಟೆ ಲೆಕ್ಕದಲ್ಲಿ ದಂಡ ಹಾಕುತ್ತಾರೆ.